ಮೆ ಗುಸ್ತ: ‘ಇಷ್ಟ’ ಬಿಡಿ, ‘ಹಿಡಿಸು’ ಹಿಡಿಯಿರಿ

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ತಂಡದ ಅರ್ಧ ಜನ ಮೆಕ್ಸಿಕೊದಲ್ಲಿದ್ದಾರೆ, ಹಾಗಾಗಿ ಆರು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಗುಸ್ತ’ ಅನ್ನೋ ಕ್ರಿಯಾಪದದ ಹತ್ತಿರ ಬಂದು ಗಾಡಿ ನಿಂತಿದೆ. ‘ನಾನು’ ಅನ್ನೋದಕ್ಕೆ ‘ಯೊ’ ಅಂತ ಕಲಿಸಿದರು. ಆದರೆ ‘ನನಗೆ ಕಾಫಿ ಇಷ್ಟ’ ಅನ್ನೋದಕ್ಕೆ ‘ಮೆ ಗುಸ್ತ ಎಲ್ ಕಫೇ’ ಅಂತೆ. ‘ಯೊ ಗುಸ್ತೊ’ ಯಾಕಲ್ಲ? ಒಮ್ಮೆ ‘ಗುಸ್ತ’, ಇನ್ನೊಮ್ಮೆ ‘ಗುಸ್ತನ್’ ಯಾಕೆ? ಮೊನ್ನೆ ಮೀಟಿಂಗಿನಲ್ಲಿ ‘ನಮ್ಮ ಮ್ಯಾನೇಜರ್ ನನಗೆ ಇಷ್ಟ’ ಅನ್ನೋದನ್ನ ‘ಮೆ ಗುಸ್ತ ಮಿ ಹೇಫೆ’ ಅಂದೆ. ಆ ಕಡೆಯವರೆಲ್ಲ ನಕ್ಕುಬಿಟ್ಟರು. ಏನು ತಪ್ಪಾಯಿತು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ನನಗೆ ಕಾಫಿ ಇಷ್ಟ’ ಅಂತ ಬರೆದಿದ್ದೀರಿ. ‘ನಾನು’ ಎಲ್ಲಿ ಹೋಯಿತು? ಕನ್ನಡದಲ್ಲೂ ಅಲ್ಲಿ ‘ನಾನು’ ಇಲ್ಲ, ‘ನನಗೆ’ ಇದೆ. ಸ್ಪ್ಯಾನಿಷ್‌ನ ‘ಮೆ’ ಅಂದರೆ ಈ ‘ನನಗೆ’ಯೇ. ಇದು ನಿಮಗೆ ವಿಚಿತ್ರ ಅನ್ನಿಸುತ್ತಿರುವುದಕ್ಕೆ ಕಾರಣ, ನೀವು ಇಂಗ್ಲಿಷ್ ಮೂಲಕ ಕಲಿಯುತ್ತಿದ್ದೀರಿ. ಇಂಗ್ಲಿಷಿನವರಿಗೆ ‘ಐ ಲೈಕ್’ ಬಿಟ್ಟು ಬೇರೆ ದಾರಿ ಗೊತ್ತಿಲ್ಲ. ಅದಕ್ಕೇ ಅವರ ಪುಸ್ತಕಗಳಲ್ಲಿ ‘ಇಟ್ ಈಸ್ ಪ್ಲೀಸಿಂಗ್ ಟು ಮಿ’ ಅಂತ ಯಾರೂ ಆಡದ ಒಂದು ವಾಕ್ಯ ಕಟ್ಟಿ ವಿವರಿಸುತ್ತಾರೆ. ಬೆಂಗಳೂರಿನಿಂದ ಮೈಸೂರಿಗೆ ಹೋಗೋಕೆ ಹೈದರಾಬಾದ್ ಸುತ್ತಿಕೊಂಡು ಬಂದ ಹಾಗೆ. ನಮಗೆ ಆ ಸುತ್ತು ಬೇಡ.

ಹಾಗಂತ ‘ಮೆ ಗುಸ್ತ’ ಅಂದರೆ ‘ನನಗೆ ಇಷ್ಟ’ ಅಂತ ಬರೆದುಕೊಂಡು ಮುಂದೆ ಹೋದರೂ ಎಡವುತ್ತೀರಿ. ಕನ್ನಡದವರು ಎಡವೋದೆಲ್ಲ ಬಹುತೇಕ ಈ ‘ಇಷ್ಟ’ದ ಕಲ್ಲಿಗೇ. ‘ಇಷ್ಟ’ ಅನ್ನೋದು ಕ್ರಿಯಾಪದ ಅಲ್ಲ, ಅದು ಬದಲಾಗುವುದೇ ಇಲ್ಲ. ನಾಯಿ ಇಷ್ಟ, ನಾಯಿಗಳು ಇಷ್ಟ, ನೀನು ಇಷ್ಟ, ಅವರು ಇಷ್ಟ. ಮುಂದೆ ಏನೇ ಬರಲಿ, ‘ಇಷ್ಟ’ ಅಲ್ಲಾಡದೆ ಕೂತಿರುತ್ತೆ. ಅದೇ ಅಭ್ಯಾಸದಲ್ಲಿ ‘ಗುಸ್ತ’ವನ್ನೂ ಕೂರಿಸಿಬಿಡುತ್ತೇವೆ.

ಅದರ ಬದಲು ‘ಹಿಡಿಸು’ ಅನ್ನೋ ಪದ ಇಟ್ಟುಕೊಳ್ಳಿ. ‘ನನಗೆ ಆ ಸೀರೆ ಹಿಡಿಸಿತು.’ ‘ನನಗೆ ಆ ಸೀರೆಗಳು ಹಿಡಿಸಿದವು.’ ಕ್ರಿಯಾಪದ ಬದಲಾಯಿತಲ್ಲ? ಬದಲಾಗಿದ್ದು ಸೀರೆಯಿಂದ, ನಿಮ್ಮಿಂದಲ್ಲ. ಹೆಣ್ಣು ನೋಡಿಕೊಂಡು ಬಂದ ಮನೆಯಲ್ಲಿ ಅಜ್ಜಿ ಕೇಳುತ್ತಾರೆ, ‘ಹುಡುಗಿ ಹಿಡಿಸಿದಳೇನೋ?’ ನೋಡೋಕೆ ಹೋದವನು ಹುಡುಗ. ಮೆಚ್ಚಬೇಕಾದವನೂ ಅವನೇ. ಆದರೆ ಕ್ರಿಯಾಪದದ ಕೊನೆಯಲ್ಲಿ ಇರೋದು ಹುಡುಗಿಯ ‘ಳು’. ವಾಕ್ಯದ ಕರ್ತೃ ಹುಡುಗಿ. ಹುಡುಗ ಬರೀ ‘ಗೆ’ ಹಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದಾನೆ. ಗುಸ್ತಾರ್ ಅನ್ನೋ ಕ್ರಿಯಾಪದದ ಗುಟ್ಟು ಪೂರ್ತಿ ಇಷ್ಟೇ. (ಗುಸ್ತಾರ್ ಅನ್ನೋದು ಮೂಲರೂಪ. ಗುಸ್ತ, ಗುಸ್ತನ್ ಎಲ್ಲ ಅದರ ರೂಪಗಳು.)

ಮೆ ಗುಸ್ತ ಎಲ್ ಕಫೇ: ನನಗೆ ಕಾಫಿ ಹಿಡಿಸುತ್ತದೆ. ಮೆ ಗುಸ್ತನ್ ಲೊಸ್ ಪೆರ್ರೊಸ್: ನನಗೆ ನಾಯಿಗಳು ಹಿಡಿಸುತ್ತವೆ. ‘ತ್ತದೆ’ ಬರುವ ಕಡೆ ಗುಸ್ತ, ‘ತ್ತವೆ’ ಬರುವ ಕಡೆ ಗುಸ್ತನ್. ಇಷ್ಟಪಡೋರು ಒಬ್ಬರೋ ಹತ್ತು ಜನವೋ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮಗೆಲ್ಲ ಕಾಫಿ ಇಷ್ಟವಾದರೂ ‘ನೊಸ್ ಗುಸ್ತ ಎಲ್ ಕಫೇ’. ಕಾಫಿ ಒಂದೇ ತಾನೆ?

ಒಂದು ಮಾತು ಎಚ್ಚರಿಕೆಗೆ. ‘ನನಗೆ ಹಾಲು ಹಿಡಿಸಲ್ಲ’ ಅಂದರೆ ಕನ್ನಡದಲ್ಲಿ ಹೊಟ್ಟೆಗೆ ಆಗಿಬರಲ್ಲ ಅಂತಲೂ ಆಗುತ್ತೆ. ಗುಸ್ತಾರ್‌ಗೆ ಆ ಅರ್ಥ ಇಲ್ಲ. ಅದು ನಾಲಿಗೆ, ಮನಸ್ಸಿನ ವಿಷಯ ಮಾತ್ರ.

ಇಲ್ಲಿ ಇನ್ನೊಂದು ಸಣ್ಣ ಬಲೆ ಇದೆ. ಕನ್ನಡದಲ್ಲಿ ‘ನನಗೆ ಮಾವಿನಹಣ್ಣು ಇಷ್ಟ’ ಅಂತ ಏಕವಚನದಲ್ಲೇ ಮುಗಿಸುತ್ತೇವೆ. ‘ಮಾವಿನಹಣ್ಣುಗಳು ಇಷ್ಟ’ ಅಂದರೆ ಪಠ್ಯಪುಸ್ತಕ ಓದಿದ ಹಾಗೆ ಕೇಳಿಸುತ್ತೆ. ಸ್ಪ್ಯಾನಿಷ್‌ನಲ್ಲಿ ಎಣಿಸಬಹುದಾದ ವಸ್ತುವಿನ ಜಾತಿಯ ಬಗ್ಗೆ ಮಾತಾಡುವಾಗ ಬಹುವಚನ ಬರುತ್ತದೆ: ಮೆ ಗುಸ್ತನ್ ಲೊಸ್ ಮಾಂಗೊಸ್. ಕಾಫಿ, ಅನ್ನ, ಸಂಗೀತ ಇಂಥ ಎಣಿಸೋಕೆ ಬಾರದವಕ್ಕೆ ಏಕವಚನ: ಮೆ ಗುಸ್ತ ಎಲ್ ಅರ್ರೋಸ್. ಹೆಸರಿನ ಮುಂದೆ ಬರುವ ಆ ‘ಎಲ್’, ‘ಲ’, ‘ಲೊಸ್’, ‘ಲಸ್’ಗಳನ್ನೂ (ಇಂಗ್ಲಿಷಿನ ‘ದ’ ಥರದವು) ಬಿಡಬೇಡಿ. ಕನ್ನಡದಲ್ಲಿ ಅಂಥ ಪದಗಳೇ ಇಲ್ಲದ ಕಾರಣ ನಮ್ಮ ಬಾಯಿಂದ ಅವು ಜಾರಿಹೋಗುತ್ತವೆ. ‘ಮೆ ಗುಸ್ತ ಕಫೇ’ ಅಂದರೆ ಕೇಳಿದವರಿಗೆ ಅರ್ಥ ಆಗುತ್ತೆ, ಆದರೆ ಒಂದು ಮೆಟ್ಟಿಲು ತಪ್ಪಿದ ಹಾಗೆ ಅನ್ನಿಸುತ್ತೆ.

ವಸ್ತುವಿನ ಬದಲು ಕೆಲಸ ಇಷ್ಟ ಅನ್ನೋದಾದರೆ ಸುಲಭ. ಹಾಡೋದು ಇಷ್ಟ: ಮೆ ಗುಸ್ತ ಕಂತಾರ್. ಹಾಡೋದು, ಕುಣಿಯೋದು ಎರಡೂ ಇಷ್ಟ: ಮೆ ಗುಸ್ತ ಕಂತಾರ್ ಇ ಬೈಲಾರ್. ಕೆಲಸ ಎರಡಾದರೂ ಗುಸ್ತನ್ ಆಗಲ್ಲ. ಆದರೆ ‘ನೀನು ಹಾಡೋದು ನನಗೆ ಇಷ್ಟ’ ಅನ್ನಬೇಕಾದರೆ ದಾರಿ ಬೇರೆ: ಮೆ ಗುಸ್ತ ಕೆ ಕಾಂತೆಸ್. ಹಾಡೋದು ಬೇರೆಯವರು, ಮೆಚ್ಚೋದು ನಾನು. ಆಗ ‘ಕೆ’ ಸೇರಿ, ಮುಂದಿನ ಕ್ರಿಯಾಪದ ಇನ್ನೊಂದು ವೇಷ ಹಾಕುತ್ತೆ. ಆ ವೇಷದ ಹೆಸರು ಸುಬ್‌ಹುಂತೀವೊ. ಕನ್ನಡದ ‘ಹಾಡೋದು’ ಎರಡು ಕಡೆಗೂ ನಡೆಯುತ್ತೆ, ಅದಕ್ಕೇ ನಮಗೆ ಈ ವ್ಯತ್ಯಾಸ ತಟ್ಟನೆ ಹೊಳೆಯಲ್ಲ. ಆರು ತಿಂಗಳಿಗೆ ಇದು ಬೇಡ, ಇಂಥದ್ದೊಂದು ಇದೆ ಅಂತ ಗೊತ್ತಿರಲಿ ಸಾಕು.

ಈಗ ನಿಮ್ಮ ‘ಯೊ ಗುಸ್ತೊ’. ಅದು ವ್ಯಾಕರಣದ ಪ್ರಕಾರ ತಪ್ಪೇನಲ್ಲ, ಅರ್ಥ ಮಾತ್ರ ತಿರುಗಿಬಿಡುತ್ತೆ. ‘ನಾನು ಹಿಡಿಸುತ್ತೇನೆ’, ಅಂದರೆ ನಾನೇ ಬೇರೆಯವರಿಗೆ ಹಿಡಿಸೋನು! ‘ತೆ ಗುಸ್ತೊ?’ ಅಂತ ಕೇಳಿದರೆ ‘ನಾನು ನಿನಗೆ ಇಷ್ಟಾನಾ?’ ಅಂತ. ಸಿನಿಮಾದ ಕೊನೆಯ ದೃಶ್ಯಕ್ಕೆ ಸರಿ, ಸ್ಟೇಟಸ್ ಮೀಟಿಂಗಿಗೆ ಅಲ್ಲ.

ಇದಕ್ಕೊಂದು ಹಿನ್ನೆಲೆಯೂ ಇದೆ. ಮೂಲ ಲ್ಯಾಟಿನ್‌ನ ‘ಗುಸ್ತಾರೆ’ ಅಂದರೆ ರುಚಿ ನೋಡು ಅಂತ. ಸ್ಪ್ಯಾನಿಷ್‌ನಲ್ಲೂ ಮೊದಲು ಅದೇ ಅರ್ಥ ಇತ್ತು, ನಿಘಂಟುಗಳಲ್ಲಿ ಈಗಲೂ ಇದೆ. ಹಿಂದೆ ಜನ ‘ಗುಸ್ತೊ ದೆ’ ಅಂತ, ‘ನಾನು ಇಂಥದ್ದರಲ್ಲಿ ರುಚಿ ಕಾಣುತ್ತೇನೆ’ ಅನ್ನೋ ರೀತಿಯಲ್ಲೇ ಹೆಚ್ಚು ಹೇಳುತ್ತಿದ್ದರು. 16, 17ನೇ ಶತಮಾನದ ಬರಹಗಳಲ್ಲಿ ಅದು ಸಾಮಾನ್ಯ. ನಿಧಾನವಾಗಿ ‘ನನಗೆ ರುಚಿಸುತ್ತದೆ’ ಅನ್ನೋ ರೂಪ ಮುಂದೆ ಬಂದು ಹಳೆಯದನ್ನು ಮೂಲೆಗೆ ತಳ್ಳಿತು. ಪಕ್ಕದ ಪೋರ್ಚುಗೀಸಿನಲ್ಲಿ ಹಳೆಯ ದಾರಿಯೇ ಉಳಿದಿದೆ, ಅಲ್ಲಿ ‘ನಾನು’ ಕರ್ತೃ.

ರುಚಿಯಿಂದ ಮೆಚ್ಚುಗೆಗೆ ಬಂದ ಈ ನಡೆ ನಮಗೆ ಹೊಸದಲ್ಲ. ‘ನಿನ್ನ ಮಾತು ಅವರಿಗೆ ರುಚಿಸಲಿಲ್ಲ’ ಅನ್ನುತ್ತೇವಲ್ಲ, ಯಾರೂ ಮಾತನ್ನು ನಾಲಿಗೆ ಮೇಲೆ ಇಟ್ಟು ನೋಡಿರಲ್ಲ. ಸಂಸ್ಕೃತದಲ್ಲೂ ಹೀಗೇ. ಪಾಣಿನಿ ಇದಕ್ಕಂತಲೇ ಒಂದು ಸೂತ್ರ ಬರೆದಿಟ್ಟಿದ್ದಾನೆ: ‘ರುಚ್ಯರ್ಥಾನಾಂ ಪ್ರೀಯಮಾಣಃ’. ರುಚಿಸು ಅನ್ನೋ ಅರ್ಥದ ಧಾತುಗಳ ಜೊತೆ, ಯಾರಿಗೆ ಖುಷಿಯಾಗುತ್ತೋ ಅವರಿಗೆ ಚತುರ್ಥಿ. ಸ್ಕೂಲಿನಲ್ಲಿ ‘ಚತುರ್ಥಿ: ಗೆ, ಇಗೆ, ಕ್ಕೆ’ ಅಂತ ರಾಗವಾಗಿ ಒಪ್ಪಿಸಿದ್ದು ನೆನಪಿದೆಯಾ? ಮೆಕ್ಸಿಕೊದವರ ಮೀಟಿಂಗಿನಲ್ಲಿ ಅದು ಕೆಲಸಕ್ಕೆ ಬರುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು.

ಆ ‘ಗೆ’ಗಳು ಸ್ಪ್ಯಾನಿಷ್‌ನಲ್ಲಿ ಹೀಗಿವೆ: ನನಗೆ ಮೆ, ನಿನಗೆ ತೆ, ಅವನಿಗೆ ಅವಳಿಗೆ ಎರಡಕ್ಕೂ ಲೆ, ನಮಗೆ ನೊಸ್, ಅವರಿಗೆಲ್ಲ ಲೆಸ್. ಗೌರವದ ‘ನಿಮಗೆ’ಗೂ ಲೆ. ದೊಡ್ಡವರನ್ನು, ಹೊಸಬರನ್ನು ‘ಲೆ ಗುಸ್ತ?’ ಅಂತ ಕೇಳಬೇಕು, ಗೆಳೆಯರನ್ನು ‘ತೆ ಗುಸ್ತ?’ ಅಂತ. ನೀನು, ನೀವು ಎಂಬ ಎರಡು ಮೆಟ್ಟಿಲು ಇರುವ ಭಾಷೆಯಿಂದ ಬಂದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಸರು ಹೇಳುವಾಗ ಮಾತ್ರ ಒಂದು ವಿಚಿತ್ರ ಇದೆ. ‘ನಮ್ಮಮ್ಮನಿಗೆ ಟೀ ಇಷ್ಟ’: ಅ ಮಿ ಮಾದ್ರೆ ಲೆ ಗುಸ್ತ ಎಲ್ ತೇ. ಪದ ಪದ ಬಿಡಿಸಿದರೆ ‘ನಮ್ಮಮ್ಮನಿಗೆ ಅವಳಿಗೆ ಹಿಡಿಸುತ್ತದೆ ಟೀ’. ‘ನಮ್ಮಮ್ಮನಿಗೆ’ ಅಂದಾದ ಮೇಲೆ ‘ಲೆ’ ಯಾಕೆ ಬೇಕು ಅಂತ ನಮಗೆ ಅನ್ನಿಸುತ್ತೆ. ಬೇಕು. ಬಿಡುವ ಹಾಗಿಲ್ಲ. ‘ಅ ಮಿ ಮಾದ್ರೆ’ಯನ್ನು ಬೇಕಾದರೆ ಬಿಡಬಹುದು, ‘ಲೆ’ ಬಿಡೋಕಾಗಲ್ಲ. ಬಾಗಿಲಿಗೆ ಬೋರ್ಡ್ ಇರಲಿ ಇಲ್ಲದಿರಲಿ, ಚಿಲಕ ಇರಲೇಬೇಕಲ್ವಾ? ಲೆ ಆ ಚಿಲಕ. ಹಾಗೆಯೇ ‘ನನಗೆ’ ಅನ್ನೋದನ್ನು ಒತ್ತಿ ಹೇಳಬೇಕಾದರೆ ‘ಅ ಮೀ ಮೆ ಗುಸ್ತ’. ‘ನಿಮಗೆ ಬೇಡದಿದ್ದರೆ ಬಿಡಿ, ನನಗಂತೂ ಇಷ್ಟ’ ಅನ್ನೋ ಧಾಟಿ.

ಇದರಿಂದ ಒಂದು ಲಾಭ ಇದೆ. ಯಾರಾದರೂ ‘ಮೆ ಗುಸ್ತ ಎಲ್ ಕಫೇ’ ಅಂದಾಗ ‘ನನಗೂ’ ಅನ್ನೋದು ಹೇಗೆ? ಇಂಗ್ಲಿಷ್ ಮೂಲಕ ಬಂದವರು ‘ಯೊ ತಂಬ್ಯೇನ್’ ಅಂತಾರೆ. ಅದು ‘ನಾನೂ’. ಸರಿಯಾದದ್ದು ‘ಅ ಮೀ ತಂಬ್ಯೇನ್’, ಅದು ‘ನನಗೂ’. ‘ನನಗೆ ಕಾಫಿ ಇಷ್ಟ’ ಅಂದವರಿಗೆ ಕನ್ನಡದಲ್ಲಿ ‘ನಾನೂ’ ಅಂತ ಯಾರೂ ಉತ್ತರ ಕೊಡಲ್ಲ. ಹಾಗಾಗಿ ಬಾಯಿ ತೆರೆಯುವ ಮುಂಚೆ ಕನ್ನಡದಲ್ಲಿ ಒಮ್ಮೆ ಅಂದುಕೊಳ್ಳಿ, ಉತ್ತರ ತಾನಾಗಿ ಸರಿಯಾಗುತ್ತೆ. ಅವರು ‘ಇಷ್ಟ ಇಲ್ಲ’ ಅಂದಾಗ ‘ನನಗೂ ಇಲ್ಲ’ ಅನ್ನೋದು ‘ಅ ಮೀ ತಂಪೋಕೊ’.

ಕನ್ನಡ ಕೈ ಹಿಡಿಯುವ ಇನ್ನೊಂದು ಜಾಗ ಭೂತಕಾಲ. ಇಲ್ಲಿ ಇಂಗ್ಲಿಷ್‌ಗೆ ಒಂದೇ ‘ಲೈಕ್ಡ್’, ಸ್ಪ್ಯಾನಿಷ್‌ಗೆ ಎರಡು: ಗುಸ್ತೋ, ಗುಸ್ತಾಬ. ಯಾವುದು ಯಾವಾಗ ಅಂತ ಕಲಿಯೋರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಮಗೆ ‘ಇಷ್ಟ ಆಯ್ತು’, ‘ಇಷ್ಟ ಇತ್ತು’ ಅಂತ ಎರಡಿವೆ. ಸಿನಿಮಾ ನೋಡಿಕೊಂಡು ಹೊರಗೆ ಬಂದು ‘ಇಷ್ಟ ಆಯ್ತು’ ಅಂತೀವಿ: ಮೆ ಗುಸ್ತೋ ಲ ಪೆಲೀಕುಲ. ‘ಚಿಕ್ಕವನಿದ್ದಾಗ ನನಗೆ ಹಾಲು ಇಷ್ಟ ಇತ್ತು’: ದೆ ನಿನ್ಯೊ ಮೆ ಗುಸ್ತಾಬ ಲ ಲೇಚೆ. ಆಯ್ತು ಬಂದರೆ ಗುಸ್ತೋ, ಇತ್ತು ಬಂದರೆ ಗುಸ್ತಾಬ. ನೂರಕ್ಕೆ ನೂರು ಅಲ್ಲದಿದ್ದರೂ ದಿನಬಳಕೆಗೆ ಧಾರಾಳ ಸಾಕು. (ಹೆಂಗಸರು ‘ದೆ ನಿನ್ಯ’ ಅನ್ನಬೇಕು. ಮಳೆ ಕೈಕೊಟ್ಟ ವರ್ಷ ಪೇಪರಿನಲ್ಲಿ ಬರುವ ‘ಎಲ್ ನಿನೊ’ ಕೂಡ ಇದೇ ನಿನ್ಯೊ, ಅಂದರೆ ಪುಟ್ಟ ಹುಡುಗ.)

ಉಚ್ಚಾರದ ಬಗ್ಗೆ ಎರಡೇ ಮಾತು. ಗುಸ್ತದ ‘ತ’ ನಮ್ಮ ತಾಯಿಯ ‘ತ’, ಟೊಮೆಟೊದ ‘ಟ’ ಅಲ್ಲ. ಇಂಗ್ಲಿಷ್ ಓದುವ ಅಭ್ಯಾಸದಲ್ಲಿ ‘ಗುಸ್ಟಾ’ ಅನ್ನಬೇಡಿ. ಮತ್ತೆ, ಒತ್ತು ಎಲ್ಲಿ ಅನ್ನೋದು ಮುಖ್ಯ. ಮೊದಲ ಅಕ್ಷರ ಒತ್ತಿ ‘ಗುಸ್ತೊ’ ಅಂದರೆ ನಾನು ಹಿಡಿಸುತ್ತೇನೆ, ಇಲ್ಲವೇ ರುಚಿ, ಖುಷಿ ಅನ್ನೋ ನಾಮಪದ. ಕೊನೆಯನ್ನು ಒತ್ತಿ ‘ಗುಸ್ತೋ’ ಅಂದರೆ ಹಿಡಿಸಿತು.

ಈಗ ನಿಮ್ಮ ಮ್ಯಾನೇಜರ್ ವಿಷಯ. ಗುಸ್ತಾರ್ ಅನ್ನು ಮನುಷ್ಯರ ಮೇಲೆ ಹಾಕಿದರೆ ಕೇಳುವವರು ಮೊದಲು ಊಹಿಸೋದು ಪ್ರೀತಿ, ಆಕರ್ಷಣೆ. ‘ಮೆ ಗುಸ್ತಸ್’ ಅಂದರೆ ‘ನೀನು ನನಗೆ ಹಿಡಿಸಿದ್ದೀಯ’, ಅಜ್ಜಿ ಕೇಳಿದ ಅರ್ಥದಲ್ಲೇ. ನೀವು ಮೀಟಿಂಗಿನಲ್ಲಿ ಹೇಳಿದ್ದು ಆ ಬಗೆಯ ಮಾತು, ನಗದೆ ಇನ್ನೇನು ಮಾಡ್ತಾರೆ? ನಾನೂ ಕಲಿಯುವಾಗ ಪಾಠ ಚೆನ್ನಾಗಿತ್ತು ಅನ್ನೋಕೆ ಹೋಗಿ ಟೀಚರ್‌ಗೇ ‘ಮೆ ಗುಸ್ತಸ್’ ಅಂದಿದ್ದೆ. ಅವರು ಬೋರ್ಡ್ ಕಡೆ ತಿರುಗಿ ನಿಂತು ಒಂದು ನಿಮಿಷ ಏನೂ ಬರೆಯಲಿಲ್ಲ.

ಒಳ್ಳೆ ಮನುಷ್ಯ, ಜೊತೆ ಹೊಂದುತ್ತಾರೆ ಅನ್ನೋದಕ್ಕೆ ಬೇರೆ ಮಾತಿದೆ: ಮೆ ಕಾಎ ಬ್ಯೆನ್. ಪದಶಃ ‘ನನಗೆ ಚೆನ್ನಾಗಿ ಬೀಳುತ್ತಾರೆ’. ಮ್ಯಾನೇಜರ್, ಪಕ್ಕದ ಮನೆಯವರು, ಗೆಳೆಯನ ಹೆಂಡತಿ, ಎಲ್ಲರಿಗೂ ಇದೇ ಸುರಕ್ಷಿತ. ಇಷ್ಟ ಇಲ್ಲದಿದ್ದರೆ ‘ಮೆ ಕಾಎ ಮಲ್’. ಇನ್ನು ಅರ್ಜೆಂಟೀನಾ ಕಡೆ ಹುಡುಗ ಹುಡುಗಿಯರು ‘ಗುಸ್ತೊ ದೆ ವೊಸ್’ ಅಂತಾರೆ, ಅಂದರೆ ನಿನ್ನ ಮೇಲೆ ಮನಸ್ಸಾಗಿದೆ ಅಂತ. ಮೂಲೆಗೆ ಹೋಗಿದ್ದ ಹಳೆಯ ‘ಗುಸ್ತೊ ದೆ’ ಅಲ್ಲಿ ಹರೆಯದವರ ಬಾಯಲ್ಲಿ ಬದುಕಿಕೊಂಡಿದೆ.

ಹೋಟೆಲಿನಲ್ಲಿ ಆಗುವ ತಪ್ಪು ಬೇರೆ. ‘ಮೆ ಗುಸ್ತ ಉನ್ ಕಫೇ’ ಅಂದರೆ ಕಾಫಿ ಬರಲ್ಲ, ಮಾಣಿ ಹುಬ್ಬೇರಿಸುತ್ತಾನೆ ಅಷ್ಟೇ. ಇಷ್ಟ ಬೇರೆ, ಬೇಕು ಬೇರೆ. ಕಾಫಿ ಬೇಕಿದ್ದರೆ ‘ಕ್ಯೇರೊ ಉನ್ ಕಫೇ’, ಇನ್ನೂ ಸ್ವಲ್ಪ ಮೆತ್ತಗೆ ‘ಮೆ ಗುಸ್ತರೀಯ ಉನ್ ಕಫೇ’. ಗುಸ್ತರೀಯ ಅನ್ನೋದು ‘ಕುಡಿದರೆ ಚೆನ್ನಾಗಿತ್ತು’ ಅನ್ನೋ ಹದ. ಮೀಟಿಂಗಿನಲ್ಲಿ ‘ಒಂದು ಪ್ರಶ್ನೆ ಕೇಳಬೇಕಿತ್ತು’ ಅನ್ನೋಕೂ ಇದು ಒಳ್ಳೆಯದು.

‘ತುಂಬಾ ಇಷ್ಟ’ ಅನ್ನೋಕೆ ‘ಮೆ ಗುಸ್ತ ಮೂಚೊ’. ಕ್ರಿಯಾಪದಕ್ಕೆ ಮೂಚೊ ಬರುತ್ತೆ, ‘ಮುಯ್’ ಬರಲ್ಲ. ಮುಯ್ ಅನ್ನೋದು ‘ತುಂಬಾ ಚೆನ್ನ’, ‘ತುಂಬಾ ದೊಡ್ಡ’ ಇಂಥ ಕಡೆಯ ‘ತುಂಬಾ’. ನಮ್ಮ ‘ತುಂಬಾ’ ಎರಡಕ್ಕೂ ಒಂದೇ ಆದ್ದರಿಂದ ಗೊಂದಲ ಆಗುತ್ತೆ. ಅದಕ್ಕೂ ಮೇಲೆ ‘ಮೆ ಎಂಕಾಂತ’ ಇದೆ, ‘ಪಂಚಪ್ರಾಣ’ ಅನ್ನೋ ಮಟ್ಟ. ಅದಕ್ಕೆ ಮತ್ತೆ ಮೂಚೊ ಸೇರಿಸಬೇಡಿ, ಪಾಯಸಕ್ಕೆ ಬೆಲ್ಲವೂ ಸಕ್ಕರೆಯೂ ಹಾಕಿದ ಹಾಗಾಗುತ್ತೆ.

ಈ ಒಂದು ಕೀಲಿ ಸಿಕ್ಕರೆ ಅದರ ಹಿಂದೆ ಒಂದು ಸಾಲು ಬಾಗಿಲು ತೆರೆಯುತ್ತವೆ. ನನಗೆ ತಲೆ ನೋಯುತ್ತದೆ: ಮೆ ದ್ವೇಲೆ ಲ ಕಬೇಸ. ನನಗೆ ಕಾಲುಗಳು ನೋಯುತ್ತವೆ: ಮೆ ದ್ವೇಲೆನ್ ಲಸ್ ಪ್ಯೆರ್ನಸ್. ‘ನನ್ನ ತಲೆ’ ಅಂತ ಒತ್ತಬೇಕಿಲ್ಲ, ‘ನನಗೆ’ ಅಂದ ಮೇಲೆ ತಲೆ ಯಾರದ್ದು ಅಂತ ಗೊತ್ತಾಯಿತಲ್ಲ. ನನಗೆ ಅನ್ನಿಸುತ್ತದೆ: ಮೆ ಪರೇಸೆ. ಈ ಅಂಗಿ ನನಗೆ ಒಪ್ಪುತ್ತದೆ: ಮೆ ಕೇದ ಬ್ಯೆನ್. ಅನ್ನಿಸು, ನೋಯು, ಒಪ್ಪು, ರುಚಿಸು, ಹಿಡಿಸು. ನಮ್ಮ ಕ್ರಿಯಾಪದಗಳೇ ಸಾಲಾಗಿ ನಿಂತಿವೆ.

ಆದರೆ ಕನ್ನಡದ ‘ನನಗೆ’ ಸ್ಪ್ಯಾನಿಷ್‌ನ ‘ಮೆ’ಗಿಂತ ಬಹಳ ದೂರ ಓಡಾಡುತ್ತೆ. ಇಲ್ಲಿ ಲಗಾಮು ಹಿಡಿಯಬೇಕು. ನನಗೆ ಹಸಿವು, ನನಗೆ ಜ್ವರ, ನನಗೆ 32 ವರ್ಷ, ನನಗೆ ಇಬ್ಬರು ಮಕ್ಕಳು: ಇವೆಲ್ಲಕ್ಕೂ ಸ್ಪ್ಯಾನಿಷ್‌ನವರು ‘ತೇಂಗೊ’ ಅಂತಾರೆ, ‘ನಾನು ಹೊಂದಿದ್ದೇನೆ’ ಅಂತ. ಹಸಿವನ್ನೂ ಹೊಂದಿರುತ್ತಾರೆ, ವಯಸ್ಸನ್ನೂ ಹೊಂದಿರುತ್ತಾರೆ. ನನಗೆ ಗೊತ್ತು ಅನ್ನೋದು ‘ಸೇ’. ನನಗೆ ಈಜು ಬರುತ್ತೆ ಅನ್ನೋದೂ ‘ಸೇ’ಯಿಂದಲೇ. ನನಗೆ ಬೇಕು ಅನ್ನೋದು ‘ಕ್ಯೇರೊ’. ಇವುಗಳಲ್ಲೆಲ್ಲ ಕರ್ತೃ ‘ನಾನು’, ‘ಮೆ’ಗೆ ಕೆಲಸ ಇಲ್ಲ. (ವಯಸ್ಸು ಹೇಳುವಾಗ ‘ಆನ್ಯೊಸ್’ನಲ್ಲಿ ‘ನ್ಯ’ವನ್ನು ಸರಿಯಾಗಿ ಹೇಳಿ. ಬರೀ ‘ನ’ ಅಂದರೆ ಅದು ಮೈಯ ಹಿಂಭಾಗದ ಒಂದು ಜಾಗದ ಹೆಸರಾಗಿಬಿಡುತ್ತೆ.)

ಮೆಕ್ಸಿಕೊದವರ ಜೊತೆ ಕೆಲಸ ಅಂದಿರಿ, ಹಾಗಾಗಿ ಅಲ್ಲಿಯ ಬಳಕೆ ಒಂದೆರಡು. ಮೊದಲ ಸಲ ಪರಿಚಯ ಆದಾಗ ‘ಮೂಚೊ ಗುಸ್ತೊ’ ಅನ್ನಿ, ಭೇಟಿಯಾಗಿ ಸಂತೋಷ ಅಂತ. ಯಾರಾದರೂ ಸಹಾಯ ಕೇಳಿದರೆ ‘ಕೊನ್ ಗುಸ್ತೊ’, ಖುಷಿಯಿಂದ ಮಾಡಿಕೊಡ್ತೀನಿ ಅಂತ. ಕೊಲಂಬಿಯಾ, ಕೋಸ್ಟರಿಕಾ ಕಡೆ ‘ಥ್ಯಾಂಕ್ಸ್’ ಅಂದವರಿಗೆ ಕೊಡುವ ಉತ್ತರವೂ ಇದೇ. ‘ಸಿ ಗುಸ್ತ’ ಅಂದರೆ ‘ನಿಮಗೆ ಬೇಕಿದ್ದರೆ’, ‘ಕೋಮೊ ಗುಸ್ತೆ’ ಅಂದರೆ ‘ನಿಮ್ಮಿಷ್ಟ’. ಫೇಸ್‌ಬುಕ್‌ನಲ್ಲಿ ಲೈಕ್ ಬಟನ್ ಮೇಲೆ ‘ಮೆ ಗುಸ್ತ’ ಅಂತಲೇ ಇರುತ್ತೆ.

ಕೊನೆಯದಾಗಿ, ‘ಗುಸ್ತಸ್?’ ಅಥವಾ ‘ಗುಸ್ತ?’ ಅಂತ ಬರೀ ಒಂದು ಪದದ ಪ್ರಶ್ನೆ ಬರಬಹುದು. ಮುಂದೆ ‘ತೆ’, ‘ಲೆ’ ಏನೂ ಇರಲ್ಲ. ನೀವು ಕಲಿತದ್ದೆಲ್ಲ ತಲೆಕೆಳಗಾಯಿತು ಅಂತ ಗಾಬರಿಯಾಗಬೇಡಿ. ಅದು ಹಳೆಯ ಗುಸ್ತಾರ್, ನೀವೇ ಕರ್ತೃ ಆಗಿರೋದು. ಊಟ ಮಾಡುತ್ತಿರುವವರು ಎದುರಿಗೆ ಬಂದವರಿಗೆ ಹೇಳೋ ಮಾತದು, ನಮ್ಮ ‘ಬನ್ನಿ, ಊಟ ಮಾಡೋಣ’ ಇದ್ದ ಹಾಗೆ. ಸ್ಪೇನಿನಲ್ಲೂ ಹಳಬರು ಹೀಗೆ ಕರೆಯುತ್ತಾರೆ. ನಮ್ಮಲ್ಲಿ ಕರೆದ ಕೂಡಲೇ ಯಾರೂ ತಟ್ಟೆ ಎಳೆದುಕೊಂಡು ಕೂರಲ್ಲ, ‘ಆಗಿದೆ, ನೀವು ಮಾಡಿ’ ಅಂತಾರೆ. ಅಲ್ಲೂ ಹಾಗೇ. ಆ ಕಡೆಯ ಸಹೋದ್ಯೋಗಿ ಕ್ಯಾಮೆರಾ ಮುಂದೆ ಟಾಕೊ ಹಿಡಿದು ‘ಗುಸ್ತಸ್?’ ಅಂದರೆ ‘ಸೀ, ಮೆ ಗುಸ್ತ’ ಅನ್ನಬೇಡಿ. ‘ಗ್ರಾಸ್ಯಸ್, ಪ್ರೊವೇಚೊ’ ಅನ್ನಿ. ನೀವು ಊಟ ಮಾಡಿ, ಮೈಗೆ ಹತ್ತಲಿ ಅಂತ.